ಬಾಯ್ಲರಿನ ಮುಂದೆ ಎರಡು ಭಾಷೆ

ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಬಾಯ್ಲರಿಗೆ ಹೊಸ ಕಂಟ್ರೋಲ್ ಪ್ಯಾನಲ್ ಕೂಡಿಸುವ ಕೆಲಸ ನನಗೂ ನನ್ನ ಗೆಳತಿಗೂ ಸಿಕ್ಕಿತ್ತು. ನಾನು ಮಸ್ಕಿಯವಳು, ಅವಳು ಲಿಂಗಸುಗೂರಿನವಳು. ಡಿಪ್ಲೊಮಾ ಓದುವಾಗಿನಿಂದ ಜೋಡಿ. ಬಾಯ್ಲರಿನಲ್ಲಿ ನೀರು ಇಳಿದರೆ ಒಲೆಗೆ ಉರುವಲಾಗಿ ಹೊಟ್ಟು ತಳ್ಳುವ ಮೋಟರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಬಾಯ್ಲರ್ ಸಿಡಿಯಬಹುದು; ಅದನ್ನು ನೆನೆಯಲೂ ನನಗೆ ಧೈರ್ಯವಿರಲಿಲ್ಲ.

ಇಂಥ ಪ್ಯಾನಲ್‌ಗಳಿಗೆ ಪ್ರೋಗ್ರಾಂ ಬರೆಯಲು ಹೊರಗಿನವರು ಅಷ್ಟಾಗಿ ಕೇಳಿರದ ಭಾಷೆಗಳಿವೆ. ಲ್ಯಾಡರ್ ಎಂಬುದರಲ್ಲಿ ಬರೆಯುವುದಕ್ಕಿಂತ ಚಿತ್ರ ಬಿಡಿಸುವುದೇ ಹೆಚ್ಚು: ಏಣಿಯ ಮೆಟ್ಟಿಲಿನಂಥ ಗೆರೆಗಳು, ಗೆರೆಯ ಮೇಲೆ ಸ್ವಿಚ್ಚುಗಳು. ಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂಬುದರಲ್ಲಿ 'ಹೀಗಾದರೆ ಹಾಗೆ ಮಾಡು' ಎಂದು ಅಕ್ಷರದಲ್ಲೇ ಬರೆಯಬೇಕು. ನನಗೆ ಅದೇ ಇಷ್ಟ. ಗೆಳತಿ ಲ್ಯಾಡರಿನಲ್ಲಿ ಪುಟಗಟ್ಟಲೆ ಎಳೆದದ್ದನ್ನು ನಾನು ಅಂಗೈಯಗಲದಲ್ಲಿ ಮುಗಿಸಿದ್ದೆ. ಯಾವುದು ಇರಬೇಕೆಂದು ಜಗಳವಾಗಿ, ಎರಡನ್ನೂ ಹಾಕಿ ನೋಡೋಣವೆಂದು ಒಪ್ಪಿದೆವು.

ಮೊದಲು ನನ್ನದು. ಸಣ್ಣಗೆ ಬೆಂಕಿ ಇಟ್ಟು, ಬಾಯ್ಲರ್ ನೋಡಿಕೊಳ್ಳುವ ಕಾಕಾ ವಾಲ್ವ್ ತಿರುವಿ ನೀರು ಹೊರಬಿಟ್ಟರು. ಗಾಜಿನ ಕೊಳವೆಯಲ್ಲಿ ನೀರು ಕೆಂಪು ಗೆರೆಯ ಕೆಳಗಿಳಿಯಿತು. ಮೋಟರು ತಿರುಗುತ್ತಲೇ ಇತ್ತು.

ಕುದಿಯುವ ನೀರು ತುಳುಕಿ ಒಂದು ಕ್ಷಣ ಇಳಿದಂತೆ ತೋರುತ್ತದೆ, ಅದಕ್ಕೇ ಸ್ವಲ್ಪ ತಡೆದು ನಿಲ್ಲಿಸೆಂದು ನಾನೇ ಬರೆದಿದ್ದೆ. ಅದು ಗೊತ್ತಿದ್ದೂ ಪರದೆಯತ್ತ ಬಾಗಿದೆ. ಪರದೆಯ ಮೇಲೆ ನನ್ನ ಸಾಲುಗಳು ಸುಮ್ಮನಿದ್ದವು. ಆ ತಡೆಯನ್ನು ಎಣಿಸುವ ಟೈಮರ್ ನೋಡಲು ಪರದೆಯಲ್ಲೇ ಇನ್ನೊಂದು ಕಿಟಕಿ ತೆರೆಯಬೇಕು, ಬೆರಳು ಜಾರಿತು.

"ಅದು ಕಾಯಾಕತ್ತೈತೋ, ಕೆಟ್ಟೈತೋ, ಹೇಳವ್ವಾ," ಎಂದರು ಕಾಕಾ.

"ಗೊತ್ತಾಗವಲ್ದು ಕಾಕಾ."

"ಒತ್ತಬೇ!" ಗೆಳತಿ ಕೂಗಿದಳು. ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಒತ್ತಿಬಿಟ್ಟೆ.

ಮತ್ತೆ ನೀರು ತುಂಬಿಸಿ ಅವಳ ಲ್ಯಾಡರ್ ಹಾಕಿದೆವು. ನೀರು ಇಳಿದೊಡನೆ ಪರದೆಯ ಏಣಿಯಲ್ಲಿ ಒಂದು ಗೆರೆ ಹಸಿರಾಯಿತು, ಪಕ್ಕದಲ್ಲೇ ಟೈಮರಿನ ಅಂಕಿ ಏರತೊಡಗಿತು. ಅಂಕಿ ಕಾಣುತ್ತಿದ್ದುದರಿಂದ ಕಾಯಲು ಆಯಿತು. ಮೋಟರು ನಿಂತಿತು.

"ನಿಂದೂ ನಿಲ್ತಿತ್ತು," ಎಂದಳು ಗೆಳತಿ. "ಇನ್ನೊಮ್ಮೆ ಹಾಕು. ಇಲ್ಲಾಂದ್ರ ನಿನಗ ನಿದ್ದಿ ಹತ್ತಂಗಿಲ್ಲ."

ಹಾಕಿದೆ. ನಿಂತಿತು. ಆದರೂ ಬಾಯ್ಲರಿಗೆ, ಒಳಗೇನು ನಡೆದಿದೆಯೆಂದು ಕಣ್ಣಿಗೆ ಕಾಣುವ ಲ್ಯಾಡರನ್ನೇ ಇರಿಸಿ, ಭತ್ತ ಒಣಗಿಸುವ ಬಿಸಿಗಾಳಿಯ ಲೆಕ್ಕಕ್ಕೆ ನನ್ನ ಭಾಷೆ ಬಳಸಿದೆವು. ಅಲ್ಲಿ ತಪ್ಪಾದರೆ ಭತ್ತ ಕೆಡುತ್ತದೆ, ಅಷ್ಟೇ.

ಆಮೇಲೂ ಮಿಲ್ಲಿನಿಂದ ಫೋನ್ ಬಂದರೆ ಮೊದಲು ನೀರಿನ ಮಾತೇ ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಮಸ್ಕಿ ಬಸ್ ನಿಲ್ದಾಣದಲ್ಲಿದ್ದಾಗ ಕಾಕಾ ಫೋನ್ ಮಾಡಿ, ಮೋಟರು ನಿಂತಿದೆ ಎಂದರು.

"ಮೊದಲ ನೀರು ನೋಡ್ರಿ!"

"ನೋಡೀನವ್ವಾ. ನೀರು ತುಂಬೋ ಪಂಪಿಗೆ ಗಾಳಿ ಹಿಡಿದೈತಿ, ನೀರು ಗೆರಿಕಿಂತ ಕೆಳಗೈತಿ. ಅದಕ್ಕ ನಿಂತೈತಿ."

ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತೆ. ಸಿಂಧನೂರಿನ ಬಸ್ಸು ಬಂದು ನಿಂತಿತು. ಗೆಳತಿಗೆ ಫೋನ್ ಮಾಡಿ, ಅವಳ ಲ್ಯಾಡರ್ ಮೋಟರು ನಿಲ್ಲಿಸಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಹೊರಟೂ ಹೋಯಿತು.