ತಿಂದು ತೋರಿಸಿದವನು

ಯುನುಸ ಹೋದ ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ತಿಕೋಟಾದ ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ತೀರಿಕೊಂಡ. ವಯಸ್ಸು ನಲವತ್ತಾರು. ಹೃದಯ ನಿಂತಿತು ಎಂದು ಕಾಗದದಲ್ಲಿ ಬರೆದಿದ್ದಾರೆ.

ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿ. ಹತ್ತೊಂಬತ್ತು ವರ್ಷ ಅವನು ಒಂದೇ ಮಾಲು ಮಾರಿದ: ಐದು ರೂಪಾಯಿಯ ಕೆಂಪು ಪಾಕೀಟು, ಒಳಗೆ ಎಣ್ಣೆಯಲ್ಲಿ ಕರಿದ ಮಸಾಲೆ ಕಡ್ಡಿ. ಕಂಪನಿ ಎಲ್ಲಿಯದೋ ದೂರದ್ದು. ಯುನುಸ ಅದರ ಇಲ್ಲಿನ ಏಜೆನ್ಸಿಯ ಸೇಲ್ಸಮನ್. ಅಂಗಡಿಗಳಿಗೆ ಮಾಲು ಹಾಕಲು ಸೋಮವಾರ ತಿಕೋಟಾ ಲೈನು, ಗುರುವಾರ ಬಬಲೇಶ್ವರ, ಕಾಖಂಡಕಿ. ಉಳಿದ ದಿನ ಊರೊಳಗಿನ ಅಂಗಡಿಗಳು, ಅಥಣಿ ರಸ್ತೆಯ ಹೊಸ ಬಡಾವಣೆಗಳು. ಮಾಲು ಹೇರುವ ಮೂರು ಗಾಲಿಯ ಟಂಟಂ ತಾನೇ ಓಡಿಸುತ್ತಿದ್ದ.

ಮೊದಲ ವರ್ಷ ಹಳ್ಳಿಗಳಲ್ಲಿ ಆ ಪಾಕೀಟನ್ನು ಯಾರೂ ಮುಟ್ಟಲಿಲ್ಲ. ಚುರುಮುರಿ, ಪುಟಾಣಿ, ಶೇಂಗಾ ಉಂಡಿ ಮಾರುವ ಅಂಗಡಿಗಳವು. ಬಬಲೇಶ್ವರದ ಭಾಗಪ್ಪ ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಪಾಕೀಟನ್ನು ಹಿಂದೆ ಮುಂದೆ ಹೊರಳಿಸಿ, ಒತ್ತಿ ನೋಡಿದ್ದ.

"ಇದರಾಗ ಬರೇ ಗಾಳಿ ತುಂಬ್ಯಾರಲ್ಲೋ."

"ತಿಂದ ನೋಡ್ರಿ ಕಾಕಾ."

"ನಾ ಯಾಕ ತಿನ್ಲಿ? ಮೊದಲ ನೀ ತಿನ್ನು. ನೀ ಬದುಕಿದ್ರ ಎರಡ ಸರಾ ತೊಗೋತೀನಿ."

ಯುನುಸ ಹಲ್ಲಿನಿಂದ ಪಾಕೀಟು ಹರಿದು, ನಿಂತಲ್ಲೇ ಪೂರ್ತಿ ತಿಂದು, ಬೆರಳು ನೆಕ್ಕಿ ತೋರಿಸಿದ. ಭಾಗಪ್ಪ ನಕ್ಕು ಪಾಕೀಟುಗಳ ಎರಡು ಸರ ಅಂಗಡಿಯ ಮುಂದೆ ತೂಗುಹಾಕಿಕೊಂಡ.

ಅಲ್ಲಿಂದ ಅದು ರೂಢಿಯೇ ಆಯಿತು. ಯುನುಸ ಬಂದರೆ ಹಳ್ಳಿಯ ಅಂಗಡಿಕಾರರ ಎದುರು ಒಂದು ಪಾಕೀಟು ಒಡೆಯಬೇಕು, ಮೊದಲ ಹಿಡಿ ತಾನು ತಿನ್ನಬೇಕು, ಆಮೇಲೆ ಮಾಲು ಇಳಿಸಬೇಕು. ಯುನುಸ ತಿಂದಾನ ಅಂದರೆ ಮಾಲು ತಾಜಾ ಐತಿ ಎಂದು ಅರ್ಥ. ಒಂದು ಲೈನಿನಲ್ಲಿ ಮೂವತ್ತು ಅಂಗಡಿ. ಅವನ ಬುತ್ತಿ ಬಿಚ್ಚದೆಯೇ ಮನೆಗೆ ಮರಳುತ್ತಿತ್ತು. ಹೆಂಡತಿ ಜೀನತ ಡಬ್ಬಿ ತೆಗೆದು, "ಇವತ್ತೂ ರೊಟ್ಟಿ ಬರೇ ಊರ ನೋಡಕೊಂಡ ಬಂದವೇನ್ರಿ?" ಎನ್ನುತ್ತಿದ್ದಳು.

ಕಂಪನಿಯವರಿಗೆ ಈ ಪದ್ಧತಿ ಬಹಳ ಹಿಡಿಸಿತು. ವರ್ಷದ ಮೀಟಿಂಗಿನಲ್ಲಿ ಯುನುಸನಿಗೆ ಶಾಲು ಹೊದಿಸಿದರು. ಮಾರುವುದನ್ನು ಇವರಿಂದ ಕಲಿಯಿರಿ ಎಂದು ಉಳಿದವರಿಗೆ ಹೇಳಿದರು. ಆ ಶಾಲಿನ ಫೋಟೋ ಅವನ ಮನೆಯ ಗೋಡೆಯ ಮೇಲಿದೆ. ಫೋಟೋದಲ್ಲಿ ಅವನ ಮುಖ ಆಗಲೇ ಸ್ವಲ್ಪ ಊದಿದೆ. ಆಗ ಯಾರಿಗೂ ಹಾಗೆ ಕಾಣಲಿಲ್ಲ.

ಎರಡು ವರ್ಷದ ಹಿಂದೆ ಟಂಟಂಗೆ ಮಾಲು ಹೇರುವಾಗ ತಲೆ ತಿರುಗಿ ಬಿದ್ದ. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಬಿಪಿ ವಿಪರೀತ ಏರಿದೆ, ಎರಡೂ ಕಿಡ್ನಿ ಸೋತಿವೆ ಎಂದರು. ದಿನಾ ಏನು ತಿನ್ನುತ್ತೀರಿ ಎಂದು ಕೇಳಿದರು. ಅವನು ಹೇಳಿದ. ಡಾಕ್ಟರರು ಪೆನ್ನು ಕೆಳಗಿಟ್ಟರು.

"ಇದರಿಂದಾನ ಆಗೇತೇನ್ರಿ?" ಎಂದು ಯುನುಸ ಕೇಳಿದ.

"ಹಂಗಂತ ಬರದ ಕೊಡಾಕ ಬರೂದಿಲ್ಲ. ನಿಮ್ಮ ತಂದೀಗೂ ಬಿಪಿ ಇತ್ತಂತೀರಿ. ಆದ್ರ ಇದನ್ನ ಬಿಡಲಿಲ್ಲಂದ್ರ ನೀವು ಉಳಿಯೂದಿಲ್ಲ. ಅದನ್ನ ಬೇಕಾದ್ರ ಬರದ ಕೊಡ್ತೀನಿ."

ಆ ತಿಂಗಳ ಮೀಟಿಂಗಿನಲ್ಲಿ ಅವನು ಎದ್ದು ನಿಂತು ವಿಷಯ ಹೇಳಿದ. ಕಂಪನಿಯ ಸಾಹೇಬರು ಸಿಟ್ಟಾಗಲಿಲ್ಲ. ಸಮಾಧಾನದಿಂದಲೇ ಮಾತಾಡಿದರು. "ನೀವೇ ತಿನ್ನಿ ಅಂತ ನಾವು ಯಾವತ್ತಾದರೂ ಹೇಳಿದ್ದೇವಾ? ಪ್ಯಾಕೆಟ್ ಹಿಂದೆ ಎಲ್ಲ ಅಚ್ಚು ಹಾಕಿದ್ದೇವೆ. ಉಪ್ಪು ಎಷ್ಟು, ಎಣ್ಣೆ ಎಷ್ಟು. ಒಂದು ಪ್ಯಾಕೆಟ್ ಮೂರು ಜನಕ್ಕೆ ಅಂತಲೂ ಇದೆ. ಉಳಿದದ್ದು ತಿನ್ನುವವರಿಗೆ ಬಿಟ್ಟಿದ್ದು."

"ಸರ, ಐದ ರೂಪಾಯಿ ಪಾಕೀಟ ಮೂರ ಮಂದಿ ಹಂಚಕೊಂಡ ತಿಂದದ್ದ ನಾ ಇಷ್ಟ ವರ್ಷದಾಗ ಒಮ್ಮಿನೂ ನೋಡಿಲ್ರಿ," ಎಂದ ಯುನುಸ.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಯುನುಸ ಮನೆಗೆ ಬಂದು ಪಾಕೀಟಿನ ಹಿಂಬದಿಯನ್ನು ಮೊದಲ ಸಲ ಓದಲು ಕೂತ. ಅಕ್ಷರಗಳು ಎಳ್ಳಿಗಿಂತ ಸಣ್ಣವು, ಅದೂ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ಮಗಳು ಮಿನಾಜಳಿಂದ ಓದಿಸಿಕೊಂಡ. ಸಾಹೇಬರು ಹೇಳಿದ್ದು ಸುಳ್ಳಾಗಿರಲಿಲ್ಲ. ಎಲ್ಲ ಬರೆದಿತ್ತು. ಗೆಳೆಯರು ಕಂಪನಿಯನ್ನು ಬೈದಾಗಲೆಲ್ಲ ಅವನು, "ಕೈ ನಂದು, ಬಾಯಿ ನಂದು, ಅವರಿಗೇನಂತೀರಿ," ಎಂದು ಮಾತು ಮುಗಿಸುತ್ತಿದ್ದ.

ಕೆಲಸ ಬಿಡುವ ಹಾಗಿರಲಿಲ್ಲ. ತಿನ್ನುವುದನ್ನು ಬಿಟ್ಟ. ಮುಂದಿನ ಗುರುವಾರ ಭಾಗಪ್ಪನ ಅಂಗಡಿಯಲ್ಲಿ ಪಾಕೀಟು ಒಡೆಯದೆ ಸರಗಳನ್ನು ಮುಂದಿಟ್ಟ.

"ಯಾಕೋ, ಇವತ್ತ ಬಾಯಿಗಿ ಬೀಗಾ? ಹಳೇ ಮಾಲ ತಂದೀ ಏನ ಮತ್ತ?"

ಡಾಕ್ಟರರ ಮಾತು ಹೇಳಿದರೆ ಮೂವತ್ತು ಅಂಗಡಿಗೂ ಸುದ್ದಿ ಮುಟ್ಟುತ್ತದೆ. ಯುನುಸನ ಬಾಯಿಂದ ಬಂದದ್ದು ಬೇರೆ: "ರೋಜಾ ಅದೀನಿ ಕಾಕಾ."

ರಂಜಾನ್ ಅಲ್ಲದ ದಿನಗಳಲ್ಲೂ ಸೋಮವಾರ, ಗುರುವಾರ ಸ್ವಂತ ಇಚ್ಛೆಯಿಂದ ಉಪವಾಸ ಹಿಡಿಯುವವರಿದ್ದಾರೆ. ಅವನ ಹಳ್ಳಿ ಲೈನುಗಳೂ ಅವೇ ದಿನ. ಸುಳ್ಳು ಅಚ್ಚುಕಟ್ಟಾಗಿ ಕೂತುಕೊಂಡಿತು. ಭಾಗಪ್ಪ ಚಾಚಿದ್ದ ಚಹಾದ ಕಪ್ಪನ್ನು ಹಿಂದೆ ಸರಿಸಿದ. "ಹೌದೇನೋ ಯಪ್ಪಾ? ನೀರೂ ಇಲ್ಲೇನು?" ನೀರಿನ ತಂಬಿಗೆಯನ್ನೂ ಅವನ ಕಣ್ಣಿಗೆ ಬೀಳದಂತೆ ಒಳಗಿಟ್ಟ.

ಹೀಗೆ ವಾರಕ್ಕೆ ಎರಡು ದಿನ ಯುನುಸ ಎಲ್ಲಿಯೂ ಒಂದು ಗುಟುಕು ನೀರು ಕುಡಿಯುವಂತಿಲ್ಲ, ಮಧ್ಯಾಹ್ನದ ಗುಳಿಗೆ ನುಂಗುವಂತಿಲ್ಲ. ಹಳ್ಳಿಯ ರಸ್ತೆಯಲ್ಲಿ ಎಲ್ಲರೂ ಗುರುತಿನವರು. ಕೆಲವು ವಾರದ ಮೇಲೆ, ರೋಜಾದ ಹೆಸರಲ್ಲಿ ಸುಳ್ಳು ಹೇಳಿದ ಹೆದರಿಕೆಗೆ ಖರೇನೇ ರೋಜಾ ಹಿಡಿಯತೊಡಗಿದ. ಡಾಕ್ಟರರು ಉಪವಾಸ ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಜೀನತ ಜಗಳಾಡಿದಳು, ಅತ್ತಳು. ಇತ್ತ ಅಂಗಡಿಕಾರರು ದೇವರ ಮನುಷ್ಯ ಎಂದು ಅವನ ಮಾಲನ್ನು ಹೆಚ್ಚೇ ಇಳಿಸಿಕೊಂಡರು.

ಮುಂದಿನದನ್ನು ಯುನುಸನನ್ನು ದಫನ್ ಮಾಡಿದ ದಿನ ಜೀನತಳ ಮುಂದೆ ಕೂತು ಹೇಳಿದವಳು ಕಸ್ತೂರಿ. ತಿಕೋಟಾದ ಶಾಲೆಯ ಹತ್ತಿರ ಅವಳದೊಂದು ಸಣ್ಣ ಅಂಗಡಿ. ಅರವತ್ತರ ಹತ್ತಿರದ ಒಂಟಿ ಹೆಂಗಸು. ಮಧ್ಯಾಹ್ನ ಪಲ್ಯ ಮಾಡಿಕೊಳ್ಳುವ ಬೇಸರಕ್ಕೆ ಪಾಕೀಟು ಪುಡಿ ಮಾಡಿ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದಳು. ಎಷ್ಟೋ ವರ್ಷದಿಂದ.

ಹೋದ ಸೋಮವಾರ ಬೆಳಿಗ್ಗೆ ಯುನುಸ ಸರಗಳನ್ನು ಇಳಿಸುವಾಗ ಅವಳ ಪಾದ ನೋಡಿದ. ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಒತ್ತಿದ. ಕುಳಿ ಬಿತ್ತು, ಬಹಳ ಹೊತ್ತು ತುಂಬಲಿಲ್ಲ.

"ಅಕ್ಕಾ, ಯಾರಿಗರೆ ತೋರಿಸೀಯೇನು?"

"ತೋರಿಸೂದೇನೈತಿ? ವಯಸ್ಸಾತು, ಬಾತಾವ."

"ಇದನ್ನ ತಿನ್ನೂದ ಬಿಡು. ದವಾಖಾನಿಗೆ ನಡಿ."

"ಯಾಕ ಬಿಡ್ಲಿ? ನೀ ತಿಂದದ್ದ ನೋಡೇ ನಾ ಕಲತದ್ದು. ನಿನಗೇನ ಆಗೇತಿ? ಎಳೀ ಹೋರಿ ಹಂಗ ಅದೀ. ಮ್ಯಾಲ ವಾರಕ್ಕೆರಡ ರೋಜಾ ಬ್ಯಾರೆ!"

ಅವನು ಸಕ್ಕರೆ ಚೀಲದ ಮೇಲೆ ಕೂತು ಪ್ಯಾಂಟು ಮೇಲಕ್ಕೆತ್ತಿ ತನ್ನ ಕಾಲು ತೋರಿಸಿದ. ಅದರ ಮೇಲೂ ಬೆರಳು ಒತ್ತಿದ. ಅಲ್ಲಿಯೂ ಕುಳಿ.

"ರೋಜಾ ಅಂತ ಮೊದಲ ಸುಳ್ಳ ಹೇಳಿದೆ ಅಕ್ಕಾ. ಆಮ್ಯಾಲ ಸುಳ್ಳಿಗಂಜಿ ಖರೇನ ಹಿಡದೆ. ಇದನ್ನ ತಿಂದ್ರ ಉಳಿಯೂದಿಲ್ಲ ಅಂತ ಡಾಕ್ಟರ ನನಗ ಹೇಳಿ ಎರಡ ವರ್ಷಾತು."

"ಎರಡ ವರ್ಷಾ? ಲೇ ಭಾಡ್ಯಾ, ಇಷ್ಟ ದಿನಾ ನನಗ್ಯಾಕ ಹೇಳಲಿಲ್ಲೋ?" ಕಸ್ತೂರಿ ಸರದ ಕಡೆ ನೋಡಿದಳು. "ಸಾಲಿ ಹುಡುಗೂರಿಗೆ ದಿನಾ ನನ್ನ ಕೈಲೆ ಕೊಟ್ಟೇನಲ್ಲೋ ಯಪ್ಪಾ…"

ಯುನುಸ ಎದ್ದು ಅವಳ ಅಂಗಡಿಯ ಬಾಗಿಲು ಎಳೆದ. ಅವಳನ್ನು ಟಂಟಂನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಚೀಟಿಯ ಸಾಲಿನಲ್ಲಿ ಅವಳ ಬದಲು ತಾನು ನಿಂತ. ಚೀಟಿ ಬರೆಯುವಾಕೆ ಅವನ ಮುಖ ನೋಡಿ, "ನಿಮ್ಮದೂ ಒಂದ ಮಾಡಸ್ರಿ," ಎಂದಳು. "ಮೊದಲ ಅವರದ ಆಗಲಿ," ಎಂದ. ಬೆವರುತ್ತಿದ್ದ. ಕಸ್ತೂರಿ ನೀರು ಕುಡಿ ಎಂದರೆ ಬೇಡ ಎಂದ.

ಹನ್ನೆರಡೂಕಾಲಿಗೆ ಅವಳ ಹೆಸರು ಕೂಗಿದರು. ಡಾಕ್ಟರರ ಕೋಣೆಯೊಳಗೆ ಹೋಗಲು ಅವಳಿಗೆ ಅಂಜಿಕೆ. "ನಾ ಏನ ಹೇಳ್ಲೋ ಅವರಿಗೆ?"

"ಏನ ತಿಂತೀ ಅಂತ ಕೇಳಿದ್ರ ಇದ್ದದ್ದ ಹೇಳು. ಯಾರ ತಂದ ಕೊಡ್ತಾರ ಅಂದ್ರ ನನ್ನ ಹೆಸರ ಹೇಳು."

ಆ ಕೋಣೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂಥದು. ಅವಳು ಕಾಲೆಳೆಯುತ್ತ ಹೊಸ್ತಿಲು ದಾಟುವ ತನಕ ಯುನುಸ ಅದನ್ನು ಒಂದು ಕೈಯಿಂದ ಹಿಡಿದುಕೊಂಡು ನಿಂತಿದ್ದ.