ದೊಡ್ಡತ್ತೆಯ ಕೊನೆಯ ಸ್ವರ

ಅಪ್ಪನಿಗೆ ಇಬ್ಬರು ಅಕ್ಕಂದಿರು. ಮದುವೆಯ ಗೊಡವೆಗೆ ಹೋಗದೆ, ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಅದರ ಮೇಲಿನ ಕೋಣೆಗಳಲ್ಲೇ ಬದುಕಿದವರು. ದೊಡ್ಡತ್ತೆ ಮುಂದೆ ಕೂತು ಗಿರಾಕಿಗಳ ಮುಖ ಅಳೆಯುತ್ತಿದ್ದಳು. ಚಿಕ್ಕತ್ತೆ ಹಿಂದಿನ ಕೋಣೆಯಲ್ಲಿ, ತುಟಿಗಳ ನಡುವೆ ಪುಟ್ಟ ಸ್ಕ್ರೂಗಳನ್ನು ಕಚ್ಚಿಕೊಂಡು, ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ನಾನು ಹೇಳಹೊರಟಿರುವುದು ಈ ಚಿಕ್ಕತ್ತೆಯ ಸಂಗತಿ. ಅವಳಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಮೂಗು ನೆನಪಿರುತ್ತಿತ್ತು. ನನ್ನ ಮೂಗಿನ ಮೇಲೆ ಯಾವ ಕನ್ನಡಕವೂ ನಿಲ್ಲುವುದಿಲ್ಲ, ಕಣ್ಣಾದರೂ ನೆಟ್ಟಗಿರುವುದು ಪುಣ್ಯ ಎಂದು ಕಂಡಾಗಲೆಲ್ಲ ಹೇಳುತ್ತಿದ್ದಳು. ಆಗ ಮೈಯೆಲ್ಲ ಉರಿಯುತ್ತಿತ್ತು. ಕನ್ನಡಿಯ ಮುಂದೆ ನಿಂತರೆ ಈಗಲೂ ಉರಿಯುತ್ತದೆ.

ಇಬ್ಬರಿಗೂ ಮ್ಯಾಂಡೊಲಿನ್ ಹುಚ್ಚು. ಆ ಹುಚ್ಚನ್ನು ನನಗೂ ಹತ್ತಿಸಿದರು. ಶಾಲೆಗಳಿಗೆ ರಜೆ ಬಿದ್ದಾಗ ಊರಾಚೆಯ ಹಾಸ್ಟೆಲ್ ಶಾಲೆಯೊಂದರಲ್ಲಿ ಮ್ಯಾಂಡೊಲಿನ್ ವೃಂದದವರ ಉತ್ಸವ ನಡೆಯುತ್ತದೆ. ವಾರವಿಡೀ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ತಾಲೀಮು. ಕೊನೆಯ ದಿನ ಕಛೇರಿ. ದರ್ಜಿಗಳು, ನರ್ಸುಗಳು, ಬ್ಯಾಂಕಿನವರು, ಎಲ್ಲರೂ ಮಕ್ಕಳ ಮಂಚದಲ್ಲಿ ಕಾಲು ಹೊರಗೆ ಚಾಚಿ ಮಲಗಬೇಕು, ಮೊಣಕಾಲೆತ್ತರದ ನಲ್ಲಿಗೆ ಬಗ್ಗಿ ಮುಖ ತೊಳೆಯಬೇಕು. ಸೊಂಟ ಹಿಡಿದುಕೊಂಡು ಬೈದುಕೊಳ್ಳುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತಾರೆ.

ಮ್ಯಾಂಡೊಲಿನ್ ತಂತಿಯನ್ನು ಒಮ್ಮೆ ಮೀಟಿದರೆ ದನಿ ಅಲ್ಲೇ ಆರಿಹೋಗುತ್ತದೆ. ಸ್ವರ ಉದ್ದಕ್ಕೆ ನಿಲ್ಲಬೇಕಾದರೆ ಬೆರಳಲ್ಲಿ ಹಿಡಿದ ಬಿಲ್ಲೆಯನ್ನು ಮೇಲೆ ಕೆಳಗೆ ಬಿಡದೆ ಆಡಿಸುತ್ತಿರಬೇಕು. ಹಾಗೆ ಆಡಿಸಿದರೂ ಏಟಿಗೂ ಏಟಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನಮ್ಮಲ್ಲಿ ಸ್ವರದ ಹಾಳೆ ಇಡುವ ಒಂದು ಸ್ಟ್ಯಾಂಡಿಗೆ ಇಬ್ಬರು ಕೂರುವುದು ಅದಕ್ಕೇ: ಒಬ್ಬರ ಸಂದಿನಲ್ಲಿ ಇನ್ನೊಬ್ಬರ ಏಟು ಬೀಳಬೇಕು. ಅತ್ತೆಯಂದಿರು ಕೂದಲು ಕಪ್ಪಿದ್ದ ಕಾಲದಿಂದ ಒಂದೇ ಸ್ಟ್ಯಾಂಡಿನವರು. ದೊಡ್ಡತ್ತೆ ಬಿಲ್ಲೆಯನ್ನು ಮೇಲಕ್ಕೆ ತರುವಾಗ ಒಂಚೂರು ತಡಮಾಡಿ ಎಳೆಯುತ್ತಿದ್ದಳು. ಆ ಎಳೆತಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನು ಚಿಕ್ಕತ್ತೆ ಬಿಟ್ಟುಕೊಡುತ್ತಿದ್ದಳು.

ಹೋದ ವರ್ಷ, ಕಛೇರಿಯ ಹಿಂದಿನ ದಿನ, ಕೊನೆಯ ಕೃತಿಯ ಕೊನೆಯ ಉದ್ದ ಸ್ವರದಲ್ಲಿ ನಾವೆಲ್ಲ ಇದ್ದಾಗ ಊಟದ ಗಂಟೆ ಹೊಡೆಯಿತು. ವೃಂದದ ನಿರ್ದೇಶಕರು ಸ್ವರವನ್ನು ಅರ್ಧಕ್ಕೇ ಬಿಟ್ಟು ಕೈ ಇಳಿಸಿದರು. ಸದಾ ಕೈಯಲ್ಲಿ ಸಣ್ಣ ಕೋಲು ಹಿಡಿದಿರುವ ಅವರನ್ನು ನಾವು ಕಡ್ಡಿ ಮೇಷ್ಟ್ರು ಅನ್ನುತ್ತೇವೆ. ದೊಡ್ಡತ್ತೆ ಹಸಿವಿಲ್ಲ ಎಂದು ಹೋಗಿ ಆ ಪುಟ್ಟ ಮಂಚದಲ್ಲಿ ಮಲಗಿದಳು. ನಾವು ಉಂಡು ಬರುವಷ್ಟರಲ್ಲಿ ತೀರಿಕೊಂಡಿದ್ದಳು. ಕಛೇರಿ ರದ್ದಾಯಿತು.

ಈ ವರ್ಷ ಅದೇ ಕೃತಿ. ಬರುವುದು ಬೇಡ ಎಂದು ಎಷ್ಟು ಬೇಡಿಕೊಂಡರೂ ಚಿಕ್ಕತ್ತೆ ಬಂದಳು, ಒಂದು ಮ್ಯಾಂಡೊಲಿನ್ ಬೆನ್ನಿಗೆ, ಇನ್ನೊಂದು ಎದೆಗೆ ಹಾಕಿಕೊಂಡು. ಅಕ್ಕನದನ್ನು ಪೆಟ್ಟಿಗೆಯ ಸಮೇತ ಅಕ್ಕನ ಕುರ್ಚಿಯ ಕೆಳಗಿಟ್ಟಳು. ಊಟದ ಮನೆಯಲ್ಲಿ ತನ್ನ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲ, ನನ್ನನ್ನೂ.

ಮೊದಲ ದಿನ ಅವಳ ಜೊತೆ ಕೂತವನು ಒಬ್ಬ ಪೋಸ್ಟ್‌ಮ್ಯಾನ್. ಅರ್ಧ ತಾಲೀಮಿಗೇ ಎದ್ದು ನಾನಿದ್ದ ಹಿಂದಿನ ಸಾಲಿಗೆ ಬಂದ. ಏನಾಯಿತು ಎಂದು ಕೇಳಿದರೆ, ಅಲ್ಲಿ ನುಗ್ಗಲು ಜಾಗವೇ ಇಲ್ಲ ಎಂದ. ನಕ್ಕುಬಿಟ್ಟೆ. ಮರುದಿನ ಕಡ್ಡಿ ಮೇಷ್ಟ್ರು ಆ ಕುರ್ಚಿಗೆ ನನ್ನನ್ನು ಕಳಿಸಿದರು.

ನಗು ಅಲ್ಲೇ ಇಂಗಿತು. ನಾನು ಎಲ್ಲಿ ಬಿಲ್ಲೆ ಇಳಿಸಿದರೂ ಅಲ್ಲಿ ಆಗಲೇ ಒಂದು ಏಟು ಬಿದ್ದಿರುತ್ತಿತ್ತು. ಅತ್ತೆಯ ಕೈ ನೋಡಿದೆ. ಎಂದಿನ ಹಾಗೆ, ನಿಧಾನವಾಗಿ, ಸಂದು ಬಿಟ್ಟೇ ನುಡಿಸುತ್ತಿದ್ದಳು. ಕಣ್ಣಿಗೆ ಕಾಣುವ ಸಂದು ಕಿವಿಗೆ ಸಿಗುತ್ತಿರಲಿಲ್ಲ. ಕೈ ನಿಲ್ಲಿಸಿ ಸುಮ್ಮನೆ ಕೂತೆ. ಸ್ವರ ಒಂಚೂರೂ ತೆಳುವಾಗಲಿಲ್ಲ.

ಆ ಸ್ಟ್ಯಾಂಡಿನಲ್ಲಿ ಎಳೆಯುತ್ತಿರುವವರು ಯಾರು ಎಂದು ಕಡ್ಡಿ ಮೇಷ್ಟ್ರು ಕೇಳಿದರು. ನಾನು ನುಡಿಸುತ್ತಲೇ ಇಲ್ಲ ಎಂದೆ. ಅವರು ಎಲ್ಲರನ್ನೂ ನಿಲ್ಲಿಸಿ ಅತ್ತೆಗೊಬ್ಬಳಿಗೇ ನುಡಿಸಲು ಹೇಳಿದರು. ಹಾಡುಹಗಲು, ಕಿಟಕಿಗಳೆಲ್ಲ ತೆರೆದಿದ್ದವು, ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅಷ್ಟು ಜನರ ಎದುರು ಒಬ್ಬಳು ನುಡಿಸಿದಳು, ಎರಡು ಮ್ಯಾಂಡೊಲಿನ್ ಕೇಳಿಸಿದವು. ಎರಡನೆಯದು ಮೇಲಕ್ಕೆ ಬರುವಾಗ ಒಂಚೂರು ಎಳೆಯುತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅತ್ತೆಯರ ಅಂಗಡಿಯದೇ. ಆಮೇಲೆ ನನ್ನನ್ನು ಜಗುಲಿಗೆ ಕರೆದು, ಈ ಸ್ಟ್ಯಾಂಡು ಸರಿಹೋಗದಿದ್ದರೆ ನಿಮ್ಮತ್ತೆ ವೇದಿಕೆಯ ಮೇಲೆ ಕೂರುವುದು ಬೇಡ, ನೀವೇ ಅವರಿಗೆ ತಿಳಿಸಿ ಎಂದರು. ಸಿಟ್ಟು ನೆತ್ತಿಗೇರಿತು. ಹೆದರಿದವರು ಅವರು, ಕಹಿ ಹೇಳಬೇಕಾದವಳು ನಾನು. ವೇದಿಕೆಯೂ ತಪ್ಪಿದರೆ ಅವಳು ಅಂಗಡಿಯ ಹಿಂದಿನ ಕೋಣೆಯಿಂದ ಮತ್ತೆ ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅತ್ತೆ ಮಂಚದ ಮೇಲೆ ಕೂತು ತಂತಿ ಒರೆಸುತ್ತಿದ್ದಳು. ಹೇಳಿದೆ. ಅವಳು ಮುಖ ಎತ್ತಲಿಲ್ಲ.

“ಅಕ್ಕ ಆ ಸ್ವರ ಮುಗಿಸೇ ಇಲ್ಲ ಕಣೆ,” ಎಂದಳು. “ಗಂಟೆ ಹೊಡೀತು ಅಂತ ನಾವೆಲ್ಲ ಎದ್ದು ಊಟಕ್ಕೆ ಹೋದ್ವಿ. ಅವಳು ಇನ್ನೂ ಅಲ್ಲೇ ಇದಾಳೆ. ನಾನೂ ಎದ್ದು ಹೋದ್ರೆ ಅವಳ ಜೊತೆ ಯಾರಿರ್ತಾರೆ?”

ನನಗೆ ಭಯವಾಗಿತ್ತು.

“ಹಾಗಾದ್ರೆ ಮುಗಿಸಿಬಿಡೋಣ, ಅತ್ತೆ,” ಎಂದೆ.

ಅವಳು ಆಗ ಮುಖ ಎತ್ತಿ ನನ್ನ ಮೂಗನ್ನೇ ನೋಡಿದಳು. ಮೇಷ್ಟ್ರ ಹತ್ತಿರ ಹೋಗಿ, ಸ್ಟ್ಯಾಂಡು ಸರಿಹೋಗುತ್ತದೆ, ಹೊಣೆ ನನ್ನದು ಎಂದು ಬಂದೆ. ಹೇಗೆ ಎಂದು ಅವರು ಕೇಳಲಿಲ್ಲ.

ಕಛೇರಿಯ ಸಂಜೆ ವೇದಿಕೆ ಹತ್ತಿದ ಮೇಲೆ ಅತ್ತೆ ತನ್ನ ಕುರ್ಚಿಗೆ ಹೋಗಲಿಲ್ಲ. ಅಕ್ಕನ ಕುರ್ಚಿಯಲ್ಲಿ ಕೂತು, ಪೆಟ್ಟಿಗೆ ತೆರೆದು, ಅಕ್ಕನ ಮ್ಯಾಂಡೊಲಿನ್ನನ್ನು ಮಡಿಲಿಗೆ ತೆಗೆದುಕೊಂಡಳು. ತನ್ನದನ್ನು ನನ್ನ ಕೈಗಿತ್ತಳು. ನಾನು ಹೇಗೆ ಸಂದು ಬಿಡ್ತೀನೋ ಹಾಗೇ ಬಿಡು ಎಂದಳು.

ಬಿಟ್ಟೆ. ಆ ವಾರದಲ್ಲಿ ಮೊದಲ ಸಲ ಎಲ್ಲ ಸರಿಯಾಗಿ ಕೂತಿತು. ನನ್ನ ಪ್ರತಿ ಸಂದಿಗೂ ಪಕ್ಕದಿಂದ ಒಂದು ಏಟು ಬಂತು, ಮೇಲಕ್ಕೆ ಬರುವಾಗ ಒಂಚೂರು ಎಳೆಯುತ್ತ. ಚಿಕ್ಕತ್ತೆ ಜನ್ಮದಲ್ಲಿ ಹಾಗೆ ಎಳೆದವಳಲ್ಲ. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಕೊನೆಯ ಸ್ವರ ಬಂತು. ಯಾವ ಗಂಟೆಯೂ ಹೊಡೆಯಲಿಲ್ಲ. ಮೇಷ್ಟ್ರು ತಾಲೀಮಿನಲ್ಲಿ ಹಿಡಿಸಿದ್ದಕ್ಕಿಂತ ಉದ್ದಕ್ಕೆ ಹಿಡಿಸಿ ಮುಷ್ಟಿ ಮುಚ್ಚಿದರು. ಎಲ್ಲರ ಕೈಗಳೂ ನಿಂತವು.

ನಮ್ಮ ಸ್ಟ್ಯಾಂಡಿನ ದನಿ ನಿಲ್ಲಲಿಲ್ಲ.

ಆಗ ತಿರುಗಿ ನೋಡಿದೆ. ಅತ್ತೆ ಬಿಲ್ಲೆಯನ್ನು ಆಗಲೇ ತುಟಿಗಳ ನಡುವೆ ಕಚ್ಚಿಕೊಂಡಿದ್ದಳು, ಅಂಗಡಿಯಲ್ಲಿ ಸ್ಕ್ರೂ ಕಚ್ಚುವ ಹಾಗೆ. ಎರಡು ಕೈಗಳೂ ತಂತಿಯಿಂದ ದೂರ ಇದ್ದವು. ಮಡಿಲಲ್ಲಿದ್ದ ಮ್ಯಾಂಡೊಲಿನ್ನಿನ ತಂತಿಗಳು ಮಾತ್ರ ಕಣ್ಣಿಗೆ ಸಿಗದಷ್ಟು ವೇಗವಾಗಿ ಅದುರುತ್ತಿದ್ದವು. ಸಭೆಯವರು ಇದೂ ಕೃತಿಯ ಭಾಗವೇ ಎಂದುಕೊಂಡು ಉಸಿರು ಹಿಡಿದು ಕೂತಿದ್ದರು.

ಅತ್ತೆ ಬಿಲ್ಲೆಯನ್ನು ಬಾಯಿಂದ ತೆಗೆದಳು. ಬಗ್ಗಿ, ತಂತಿಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

“ಸಾಕು ಅಕ್ಕ, ಮುಗೀತು,” ಎಂದಳು. “ಏಳು, ಊಟಕ್ಕೆ ಹೋಗೋಣ.”

ಅಂಗೈಯ ಕೆಳಗೆ ದನಿ ಆರಿತು. ಚಪ್ಪಾಳೆ ಬಿದ್ದದ್ದು ಆಮೇಲೆ. ಅದು ನಿಲ್ಲುವವರೆಗೂ ಅತ್ತೆ ಕೈ ತೆಗೆಯಲಿಲ್ಲ, ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ.

ಊಟದ ಮನೆಯಲ್ಲಿ ಅವಳು ಎಂದಿನಂತೆ ಪಕ್ಕದ ಕುರ್ಚಿಯನ್ನು ಎಳೆದಿಟ್ಟಳು. ಅದನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ತಟ್ಟೆ ತಗೊಂಡು ಇಲ್ಲಿ ಬಂದು ಕೂತ್ಕೋ ಎಂದಳು.