ಹಳ್ಳದ ದಂಡೆಯಲ್ಲಿ ಕೂಗಿದ ಹೆಸರು

ಭಕ್ತ ಬಂಧುಗಳಿಗೆ ಶರಣು. ನಾನು ಓದು ಬಾರದವಳು. ಹೇಳುತ್ತೇನೆ, ಮಗಳು ಬರೆಯುತ್ತಾಳೆ.

ನನ್ನ ಗಂಡನಿಗೂ ನಮ್ಮ ಮನೆದೇವರಿಗೂ ಒಂದೇ ಹೆಸರು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅತ್ತೆ ಮೊದಲ ದಿನವೇ ಹೆದರಿಸಿದ್ದರು. ಮದುವೆಯಲ್ಲಿ ಒಡಪು ಕಟ್ಟಿ ಹೆಸರು ಹೇಳಿದ್ದೇ ಕೊನೆ. ಆಮೇಲೆ ಗಂಡ ‘ರೀ’ ಆದರು, ದೇವರು ‘ನಮ್ಮಪ್ಪ’ ಆದ. ಹೆಸರಿಲ್ಲದೆ ಬೇಡಿಕೊಂಡರೆ ದೇವರಿಗೆ ಮುಟ್ಟುತ್ತದೋ ಇಲ್ಲವೋ ಎಂಬ ಅನುಮಾನ ನನಗೆ ಇದ್ದೇ ಇತ್ತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ರಾಯಚೂರಿನಲ್ಲಿ ಕಂಬಳಿ ನೇಯುತ್ತಿದ್ದ ನಮ್ಮವರ ಕಣ್ಣಿಗೆ ಮಬ್ಬು ಕವಿಯತೊಡಗಿತು. ದವಾಖಾನೆಯ ಡಾಕ್ಟರು, “ಈ ನಜರು ವಾಪಸ್ ಬರಾಂಗಿಲ್ಲ ನೋಡವ್ವ” ಎಂದುಬಿಟ್ಟರು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ದೇವದುರ್ಗದ ಆಚೆಗಿರುವ ನಮ್ಮಪ್ಪನ ಗುಡಿಗೆ ಇಬ್ಬರೂ ನಡೆದೇ ಬರುತ್ತೇವೆಂದು ಹರಕೆ ಹೊತ್ತೆ.

ಶ್ರಾವಣದ ಒಂದು ಶನಿವಾರ ಹೊರಟೆವು. ಬೆನ್ನಿಗೆ ರೊಟ್ಟಿಯ ಗಂಟು, ತಲೆಗೆ ಕಂಬಳಿ ಕೊಪ್ಪೆ. ಹೊರಟ ಗಳಿಗೆಯಿಂದ ಮಳೆ. ಮೊದಲ ದಿನ ದಾರಿಯ ಧರ್ಮಶಾಲೆಯಲ್ಲಿ ತಂಗಿದೆವು. ಹೊರಗಿಗಿಂತ ಒಳಗೇ ಹೆಚ್ಚು ಸುರಿಯುತ್ತಿತ್ತು. ಮರುದಿನ ಗಬ್ಬೂರಿನ ಹಳೆಯ ಮಂಟಪ. ಅಷ್ಟರಲ್ಲಿ ರೊಟ್ಟಿ ಬೂಸಲು ಹಿಡಿದಿತ್ತು. ಪಕ್ಕದ ಮನೆಯ ಮುದುಕಿ ಬಿಸಿ ನುಚ್ಚು ತಂದು, “ಉಣ್ರಿ ಯಪ್ಪಾ, ದೇವರ ದಾರಿಗಿ ಹೊಂಟೀರಿ” ಎಂದಳು. ನಮ್ಮವರು ಉಂಡು ನನ್ನ ಕಡೆ ತಿರುಗಿ, “ಮನ್ಯಾಗ ಇಷ್ಟು ಬಿಸಿ ಯಾವತ್ತು ಹಾಕಿದ್ದಿ?” ಎಂದರು. ಕಣ್ಣು ಹೋಗುತ್ತಿದ್ದರೂ ಕೊಂಕು ಹೋಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಒಂದು ಹಳ್ಳ ಅಡ್ಡ ಬಂತು. “ನೀ ಇಲ್ಲೇ ನಿಂದ್ರು, ಆಳ ನೋಡ್ತೀನಿ” ಎಂದು ಕೋಲು ಹಿಡಿದು ಇಳಿದರು. ಬೇಡವೆಂದರೆ ಕೇಳುವ ಜೀವವೇ ಅದು? ನಡುಹಳ್ಳ ಮುಟ್ಟುವಷ್ಟರಲ್ಲಿ ಮಳೆ ಬಿರುಸಾಗಿ, ರಾಡಿ ನೀರು ಮೊಳಕಾಲಿನಿಂದ ಸೊಂಟಕ್ಕೆ ಏರಿತು.

“ರೀ, ಹಿಂದಕ ಬರ್ರಿ!” ಎಂದು ಕೂಗಿದೆ.

ಅದೇ ಹೊತ್ತಿಗೆ ಆಚೆ ದಂಡೆಯಲ್ಲಿ, ಮಡುವಿನ ಪಕ್ಕ, ಬಂಡಿಯಲ್ಲಿ ಬಂದಿದ್ದ ಯಾರೋ ಹೆಂಗಸು ತನ್ನ ಗಂಡನನ್ನು ಕೂಗಿದಳು: “ರೀ, ಈ ಕಡಿ ಬರ್ರಿ!”

ನಮ್ಮವರಿಗೆ ದಂಡೆ ಕಾಣದು, ನೀರಿನ ಮೊರೆತದಲ್ಲಿ ದನಿಯ ಗುರುತೂ ಸಿಗದು. ‘ರೀ’ ಎಂದವಳೇ ಹೆಂಡತಿ ಎಂದುಕೊಂಡು ಮಡುವಿನ ಕಡೆ ತಿರುಗಿದರು. ನಾನು ಮತ್ತೆ ‘ರೀ’ ಎಂದೆ, ಅವಳೂ ಎಂದಳು. ನೀರು ಅವರ ಎದೆಗೆ ಬಂತು. ಆಯುಷ್ಯ, ಅತ್ತೆ ಎಲ್ಲ ಮರೆತು ಹೊಟ್ಟೆಯೊಳಗಿಂದ ಕೂಗಿದೆ:

“ಬೀರಪ್ಪಾ! ಬೀರಪ್ಪಾ!”

ಅವರು ಗಕ್ಕನೆ ನಿಂತರು. ಆ ಹೆಸರು ಹಿಡಿದೇ ಒಂದೊಂದು ಹೆಜ್ಜೆ ಹಿಂದಕ್ಕೆ ಬಂದರು. ಕಂಬಳಿಯ ತುದಿ ಕೈಗೆ ಸಿಕ್ಕಿದೊಡನೆ ದರದರ ಎಳೆದುಕೊಂಡೆ. ಕೆಸರಿನಲ್ಲಿ ಬಿದ್ದುಕೊಂಡು ಏದುಸಿರು ಬಿಡುತ್ತಲೇ ಕೇಳಿದರು:

“ನನ್ನ ಕರದಿಯೋ, ದೇವರ್ನ ಕರದಿಯೋ?”

“ಯಾರು ಮೊದ್ಲು ಕೇಳಿಸ್ಕೊಂಡ್ರೋ ಅವ್ರನ್ನ ರೀ.”

ಮರುದಿನ ನೀರಿಳಿದ ಮೇಲೆ ಗುಡಿ ಮುಟ್ಟಿದೆವು. ಊರಿಗೆ ಬಂದು ಅತ್ತೆಯ ಕಾಲು ಹಿಡಿದು ತಪ್ಪೊಪ್ಪಿಕೊಂಡೆ. ಅವರು ನನ್ನನ್ನು ಹಿಡಿದೆಬ್ಬಿಸಿ, “ಇನ್ನ ದಿನಾ ಕರಿ ಬೇ. ನನ್ನ ಮಗ ದಾರಿ ತಪ್ಪಬಾರ್ದು” ಎಂದರು.

ಸುಳ್ಳು ಬರೆಸಲಾರೆ, ಕಣ್ಣು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಪೂರಾ ಕತ್ತಲಾಯಿತು. ಆದರೆ ನಾನು ಕಣ್ಣು ಬೇಡಿದ್ದೆ, ನಮ್ಮಪ್ಪ ಗಂಡನನ್ನೇ ಕೊಟ್ಟ. ಆ ಋಣಕ್ಕೆ ದಿನವೂ ಕೈಮುಗಿಯುತ್ತೇನೆ. ಈಗಲೂ ಸಂಜೆ ಅವರು ಅಂಗಳದಲ್ಲಿ ತಡವರಿಸಿದರೆ ಒಳಗಿನಿಂದ “ಬೀರಪ್ಪಾ” ಎನ್ನುತ್ತೇನೆ. ಇಬ್ಬರೂ ಬರುತ್ತಾರೆ.